ಚೀಟಿಯಲ್ಲಿ ಇಲ್ಲದ ಹಾಲು

ಕಳೆದ ತಿಂಗಳು ಒಂದು ದಿನ ರಾತ್ರಿ ಹತ್ತೂವರೆಗೆ ಫೋನ್ ಬಂತು. ಹಿಂದೆ ನಮ್ಮ ಆಫೀಸಿನಲ್ಲಿದ್ದ ಹುಡುಗಿ. ಹೆರಿಗೆಗೆ ಇನ್ನೂ ಏಳು ವಾರ ಇತ್ತು, ಹಿಂದಿನ ದಿನವೇ ಆಗಿಬಿಟ್ಟಿತ್ತು. ಮಗು ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ. ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. ಎಲ್ಲ ಹೇಳಿ ಮುಗಿಸಿ ಕೊನೆಗೆ ಕೇಳಿದಳು, "ಅಕ್ಕ, ಹಾಲಿನ ಪುಡಿಯ ಡಬ್ಬ ತರಲಿಕ್ಕೆ ಚೀಟಿ ಕೊಟ್ಟಿದ್ದಾರೆ. ಯಾವ ಕಂಪನಿಯದ್ದು ಒಳ್ಳೇದು?"

"ನಿನ್ನ ಹಾಲಿನ ಬಗ್ಗೆ ಯಾರಾದ್ರೂ ಎಂತಾದ್ರೂ ಹೇಳಿದ್ರಾ?" ಅಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನನ್ನ ಹಾಲಾ? ಮಗು ಒಳಗೆ ಉಂಟಲ್ಲ ಅಕ್ಕ. ಕೊಡುವುದು ಹೇಗೆ?"

ಏಳು ವರ್ಷದ ಹಿಂದೆ ನನಗೂ ಇದೇ ಅನಿಸಿತ್ತು. ಮಗು ಎದೆಯ ಹತ್ತಿರ ಇದ್ದರೆ ತಾನೇ ಹಾಲು? ಮಗು ಗಾಜಿನ ಪೆಟ್ಟಿಗೆಯಲ್ಲಿ, ನಾನು ಎರಡು ಮಹಡಿ ಕೆಳಗೆ. ನಡುವೆ ಒಂದು ಲಿಫ್ಟ್, ಒಬ್ಬ ಸೆಕ್ಯುರಿಟಿಯವರು, ಚಪ್ಪಲಿ ಬಿಚ್ಚುವ ಜಾಗ, ಕೈ ತೊಳೆಯುವ ಬೇಸಿನ್, ಇನ್ನೊಂದು ಬಾಗಿಲು. ಅಷ್ಟನ್ನೆಲ್ಲ ದಾಟಿ ಹೋಗಬೇಕಾದ ವಸ್ತು ನನ್ನ ಹಾಲು ಎಂದು ಹೊಳೆಯಲೇ ಇಲ್ಲ. ಹೇಳಿದವರೂ ಇಲ್ಲ.

ಅದೇ ಈಗಲೂ ಕೊರೆಯುವುದು. ಆ ಆಸ್ಪತ್ರೆಯಲ್ಲಿ ನನ್ನ ಹಾಲು ಬೇಡ ಎಂದವರು ಒಬ್ಬರೂ ಇರಲಿಲ್ಲ. ಆದರೆ ಕೇಳಿದವರೂ ಇರಲಿಲ್ಲ.

ಡಬ್ಬ ಹೇಳಿದ ಮಾತು

ನನಗೆ 31ನೇ ವಾರದಲ್ಲಿ ಬಿಪಿ ಏರಿತು. ಮೂಲ್ಕಿಯಿಂದ ಮಂಗಳೂರಿಗೆ ಕರೆದುಕೊಂಡು ಬಂದರು, ಅವತ್ತೇ ಆಪರೇಷನ್ ಆಯಿತು. ಮಗಳು 1,420 ಗ್ರಾಂ. ಆ ಕಥೆ ಇಲ್ಲಿ ಬೇಡ, ಹೇಳಲು ಹೊರಟರೆ ನಾನು ಬೇರೆ ಕಡೆ ಹೋಗಿಬಿಡುತ್ತೇನೆ. ಮಾರನೇ ದಿನ ಬೆಳಿಗ್ಗೆ ಎನ್‌ಐಸಿಯುನಿಂದ ಇವರ ಕೈಗೆ ಒಂದು ಚೀಟಿ ಬಂತು. ಡೈಪರ್ ಒಂದು ಪ್ಯಾಕ್. ಹತ್ತಿ ಒಂದು ಉಂಡೆ. ಟೊಪ್ಪಿ, ಸಾಕ್ಸ್. ಹಾಲಿನ ಪುಡಿ, 400 ಗ್ರಾಂ. ಚೀಟಿಯಲ್ಲಿದ್ದದ್ದನ್ನು ತಂದುಕೊಡುವುದು ಅಪ್ಪನಾದವನ ಕೆಲಸ. ಇವರು ಮಳೆಯಲ್ಲಿ ಓಡಿ ಹೋಗಿ ತಂದರು. ಏನೋ ಒಂದು ಮಾಡಲಿಕ್ಕೆ ಸಿಕ್ಕಿತಲ್ಲ ಎಂಬ ಸಮಾಧಾನ ಅವರಿಗೆ.

ಡಬ್ಬವನ್ನು ಮೇಲೆ ಕೊಡುವ ಮೊದಲು ನನಗೆ ತೋರಿಸಲು ತಂದಿದ್ದರು. ಮಲಗಿದ್ದಲ್ಲೇ ತಿರುಗಿಸಿ ತಿರುಗಿಸಿ ಓದಿದೆ. ಬೇರೆ ಓದಲಿಕ್ಕೆ ಎಂತದೂ ಇರಲಿಲ್ಲ. ಮಗುವಿಗೆ ತಾಯಿಯ ಹಾಲೇ ಉತ್ತಮ ಎಂದು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ಅದು ಕಂಪನಿಯವರ ದೊಡ್ಡತನ ಅಲ್ಲ, ಕಾನೂನು ಬರೆಸಿದ್ದು ಎಂದು ಆಮೇಲೆ ಗೊತ್ತಾಯಿತು. 1992ರಲ್ಲಿ ಶಿಶು ಆಹಾರಗಳ ಬಗ್ಗೆ ಒಂದು ಕಾಯ್ದೆ ಬಂತು. ಹಾಲಿನ ಪುಡಿಗೆ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬದ ಮೇಲೆ ಈ ಮಾತು ಇರಲೇಬೇಕು. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ತಮಾಷೆ ನೋಡಿ, ಇಡೀ ಆಸ್ಪತ್ರೆಯಲ್ಲಿ ತಾಯಿ ಹಾಲಿನ ಸುದ್ದಿಯನ್ನು ನನಗೆ ಮೊದಲು ಹೇಳಿದ್ದು ಹಾಲಿನ ಪುಡಿಯ ಡಬ್ಬ.

ಆ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್‌ಗೆ ವಯಸ್ಸಾಗಿತ್ತು. ಕೇರಳದವರು, ಮಂಗಳೂರಿಗೆ ಬಂದು ತುಂಬ ವರ್ಷ ಆಗಿತ್ತೋ ಏನೋ, ಕನ್ನಡ ತುಳು ಮಲಯಾಳ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದರು. ಬಿಪಿ ನೋಡಿ ಪಟ್ಟಿ ಬಿಚ್ಚುತ್ತಾ, "ಹಾಲು ತೆಗೆದಿರಾ?" ಅಂದರು. ನಾನು ಇಲ್ಲ ಎಂದೆ. ಅವರು ಗಡಿಯಾರ ನೋಡಿದರು. ಹೆರಿಗೆಯಾಗಿ ಮೂವತ್ತು ಗಂಟೆ ಕಳೆದಿತ್ತು. ಇಂಥ ಮಗು ಹುಟ್ಟಿದರೆ ಮೊದಲ ಆರು ಗಂಟೆಯೊಳಗೆ ಹಿಂಡಲು ಶುರುಮಾಡಬೇಕು, ತಡವಾದಷ್ಟೂ ಎದೆ ತಡವಾಗಿ ಏಳುತ್ತದೆ. ಇದನ್ನೆಲ್ಲ ಅವರು ಆಗ ಹೇಳಲಿಲ್ಲ. ಸುಮ್ನೆ ಪರದೆ ಎಳೆದರು.

0.4 ಎಂಎಲ್

ಪಂಪ್ ಬೇಡ, ಮೊದಲ ಹಾಲು ಪಂಪಿನ ಗೋಡೆಗೇ ಅಂಟಿ ಮುಗಿದುಹೋಗುತ್ತದೆ ಎಂದರು. ಬಿಸಿನೀರಲ್ಲಿ ಬಟ್ಟೆ ಅದ್ದಿ ಎದೆಗೆ ಇಟ್ಟರು. ಆಮೇಲೆ ನನ್ನ ಕೈಯನ್ನೇ ಹಿಡಿದು ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಇಡಿಸಿದರು. "ಎಳೆಯಬಾರದು. ಮೊದಲು ಹಿಂದಕ್ಕೆ ಒತ್ತಿ, ಪಕ್ಕೆಲುಬಿನ ಕಡೆಗೆ. ಈಗ ಬೆರಳು ಸೇರಿಸಿ. ಬಿಡಿ." ಒತ್ತು, ಸೇರಿಸು, ಬಿಡು. ಹತ್ತು ನಿಮಿಷ ಎಂತದೂ ಇಲ್ಲ. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ಡ್ರಿಪ್ಪಿನ ಕೈ ಭಾರ. ನನಗೆ ಹಾಲೇ ಇಲ್ಲ ಸಿಸ್ಟರ್ ಎಂದೆ. ಅವರು ಉತ್ತರ ಕೊಡದೆ ಬೆರಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು.

ಆಗ ಒಂದು ಹನಿ ಬಂತು. ದಪ್ಪ, ಹಳದಿ. ಕೆಳಗೆ ಬೀಳಲಿಲ್ಲ, ಅಲ್ಲೇ ನಿಂತಿತು. ಅವರು ಸೂಜಿ ಇಲ್ಲದ ಸಿರಿಂಜಿನ ತುದಿಯಿಂದ ಅದನ್ನು ಹೀರಿಕೊಂಡರು. ಆಮೇಲೆ ಇನ್ನೊಂದು. ಅರ್ಧ ಗಂಟೆಯ ಕೊನೆಗೆ ಸಿರಿಂಜಿನ ಗೆರೆ ನೋಡಿದರೆ 0.4 ಎಂಎಲ್. ನನಗೆ ನಾಚಿಕೆಯಾಯಿತು. ಸಿಸ್ಟರ್ ಅದಕ್ಕೆ ಮುಚ್ಚಳ ಹಾಕಿ, "ಗಿಣ್ಣು ಇದು" ಎಂದರು.

ಗಿಣ್ಣು ಎಂದ ಕೂಡಲೇ ನನಗೆ ನೆನಪಾದದ್ದು ಅಜ್ಜಿಯ ಹಟ್ಟಿ. ದನ ಕರು ಹಾಕಿದ ದಿನ ನಾವು ಮಕ್ಕಳು ಗಿಣ್ಣಿನ ಆಸೆಗೆ ಪಾತ್ರೆ ಹಿಡಿದು ಸುತ್ತುತ್ತಿದ್ದೆವು. ಅಜ್ಜಿ ಬೈದು ಓಡಿಸುತ್ತಿದ್ದರು. ಮೊದಲು ಕರುವಿಗೆ, ಅದು ಹೊಟ್ಟೆ ತುಂಬ ಕುಡಿದು ಬಾಲ ಎತ್ತಿದ ಮೇಲೆ ಮನುಷ್ಯರಿಗೆ. ಹಟ್ಟಿಯಲ್ಲಿ ಇಷ್ಟು ಸರಳವಾಗಿದ್ದ ಲೆಕ್ಕ ವಾರ್ಡಿನಲ್ಲಿ ಹೇಗೆ ತಪ್ಪಿತು ಎಂದು ಈಗಲೂ ಯೋಚಿಸುತ್ತೇನೆ.

ಆ ಸಿರಿಂಜನ್ನು ಇವರು ಅಂಗಿಯ ಕಿಸೆಯಲ್ಲಿಟ್ಟು, ಮೇಲಿಂದ ಕರ್ಚೀಫು ಮುಚ್ಚಿ, ಮೆಟ್ಟಿಲು ಹತ್ತಿ ಹೋದರು. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲವಂತೆ. ಎನ್‌ಐಸಿಯು ಬಾಗಿಲಲ್ಲಿ ಸೆಕ್ಯುರಿಟಿಯವರು ಎಂತದು ಅದು ಎಂದು ತಡೆದರು. ಹಾಲು ಎಂದರು ಇವರು. ಎಷ್ಟು ಉಂಟು? ಅರ್ಧ ಎಂಎಲ್ ಇಲ್ಲ. ಸೆಕ್ಯುರಿಟಿಯವರು ಇವರ ಮುಖ ನೋಡಿದರು, ಕಿಸೆ ನೋಡಿದರು, ಬೆಲ್ ಒತ್ತಿದರು. ಒಳಗಿನ ಸಿಸ್ಟರ್ ಅದನ್ನು ಹನಿ ಹನಿಯಾಗಿ ಮಗಳ ಕೆನ್ನೆಯ ಒಳಗೆ ಸವರಿದರಂತೆ. ನಾನು ಅದನ್ನು ನೋಡಲಿಲ್ಲ. ಇವರು ಕೆಳಗೆ ಬಂದು ತನ್ನ ಬೆರಳನ್ನೇ ಕೆನ್ನೆಗೆ ಹಚ್ಚಿ ತೋರಿಸಿದರು.

ಕೇಳುವುದು ಎಂದರೆ

ಮಾರನೇ ದಿನ ಚೀಟಿಯ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದು ಇವರ ಕೈಯಲ್ಲಿ ಕೊಟ್ಟೆ. ಅವಳಿಗೆ ನನ್ನ ಹಾಲು ಕೊಡಬಹುದಾ? ನಾನು ಬಿಪಿ ಮಾತ್ರೆ ತಿನ್ನುತ್ತಿದ್ದೇನೆ, ತೊಂದರೆ ಉಂಟಾ? ಒಂದು ಸಲಕ್ಕೆ ಎಷ್ಟು ಬೇಕು? ಡಾಕ್ಟರ್ ಅಪ್ಪಂದಿರನ್ನು ಭೇಟಿಯಾಗುವುದು ಮಧ್ಯಾಹ್ನ ಹನ್ನೆರಡಕ್ಕೆ, ಒಬ್ಬೊಬ್ಬರಿಗೆ ಐದು ನಿಮಿಷ. ಇವರು ಜಗಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಡಾಕ್ಟರು, "ಖಂಡಿತ ಕೊಡುವ. ಅದೇ ಒಳ್ಳೇದು, ತನ್ನಿ ತನ್ನಿ" ಎಂದರಂತೆ. ಆ ಮಾತ್ರೆಯಿಂದ ತೊಂದರೆ ಇಲ್ಲ. ಎರಡು ಗಂಟೆಗೊಮ್ಮೆ ಒಂದೂವರೆ ಎಂಎಲ್, ಬಾಯಿಯಿಂದ ಹೊಟ್ಟೆಗೆ ಹಾಕಿದ ಟ್ಯೂಬಿನಲ್ಲಿ. ಎರಡು ನಿಮಿಷದಲ್ಲಿ ಮುಗಿಯಿತು. ಇವರು ಬಂದು, "ಇಷ್ಟೇ ಮಾರಾಯ್ತಿ" ಎಂದರು.

ಇಷ್ಟೇ ಆಗಿದ್ದರೆ ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ತಪ್ಪು ಒಬ್ಬರದ್ದಲ್ಲ. ಮೇಲಿನವರಿಗೆ ತಾಯಿ ಕೆಳಗಿನ ವಾರ್ಡಿನ ಪೇಷೆಂಟ್. ಕೆಳಗಿನವರಿಗೆ ಮಗು ಮೇಲಿನ ವಾರ್ಡಿನ ಪೇಷೆಂಟ್. ಹಾಲು ಎರಡೂ ಕಡೆಯ ಫೈಲಿನಲ್ಲಿ ಇಲ್ಲ. ಡಬ್ಬಕ್ಕೆ ಈ ತೊಂದರೆ ಇಲ್ಲ. ಅದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಚೀಟಿಯಲ್ಲಿ ಬರೆದರೆ ಬರುತ್ತದೆ, ಅದಕ್ಕೆ ಬಿಪಿ ಇಲ್ಲ, ಹೊಲಿಗೆ ನೋವಿಲ್ಲ.

ಪುಡಿ ಹಾಲನ್ನು ವಿಷ ಎಂದು ನಾನು ಹೇಳುವುದಿಲ್ಲ. ಆದರೆ ಈ ಮಕ್ಕಳ ಕರುಳು ಇನ್ನೂ ಬಲಿತಿರುವುದಿಲ್ಲ. ಎನ್‌ಇಸಿ ಎಂದು ಒಂದು ಕಾಯಿಲೆ ಬರುತ್ತದೆ, ಕರುಳಿನ ಗೋಡೆಯೇ ಸಾಯಲು ಶುರುವಾಗುತ್ತದೆ, ಜೀವಕ್ಕೇ ಅಪಾಯ. ತಾಯಿ ಹಾಲು ಕುಡಿದ ಮಕ್ಕಳಲ್ಲಿ ಅದು ಕಡಿಮೆ, ಪುಡಿ ಹಾಲಿನವರಲ್ಲಿ ಜಾಸ್ತಿ. ದಿನ ತುಂಬಿ ಹುಟ್ಟಿದ ಮಗುವಿಗೆ ಎದೆಹಾಲು ಊಟವಾದರೆ ನನ್ನ ಮಗಳಿಗೆ ಅದು ಔಷಧಿಯೂ ಹೌದು. ಇಡೀ ದಿನಕ್ಕೆ ಬೇಕಾದದ್ದು 18 ಎಂಎಲ್, ಚಹಾ ಲೋಟದ ತಳ ಮುಚ್ಚುವಷ್ಟು.

ಡಾಕ್ಟರ್ ಹೂಂ ಎಂದರೆ ಮುಗಿಯಿತು ಎಂದುಕೊಂಡಿದ್ದೆವು. ಮುಗಿಯಲಿಲ್ಲ. ಮೂರನೇ ರಾತ್ರಿ ಇವರು ಕಳಿಸಿದ ಬಾಟಲಿಯ ಲೇಬಲ್ಲಿನಲ್ಲಿ ಹಿಂಡಿದ ಸಮಯ ಬರೆದಿರಲಿಲ್ಲ. ಸಮಯ ಇಲ್ಲದ ಹಾಲು ಕೊಡುವಂತಿಲ್ಲ. ಚೆಲ್ಲಿದರು, ಪುಡಿ ಹಾಲು ಕೊಟ್ಟರು. ಬೆಳಿಗ್ಗೆ ಗೊತ್ತಾದಾಗ ನಾನು ಗಾಲಿ ಕುರ್ಚಿಯಲ್ಲಿ ಹೋಗಿ ಬಾಗಿಲಲ್ಲಿ ಕೂತು ಅತ್ತೆ. ಒಬ್ಬಳು ಸಣ್ಣ ಸಿಸ್ಟರ್ ಹೊರಗೆ ಬಂದು, "ಅಮ್ಮಾ, ಎರಡು ಗಂಟೆಯ ಫೀಡಿಗೆ ಬೇರೆ ಹಾಲು ಇರಲಿಲ್ಲ. ಮಗು ಉಪವಾಸ ಇರಬೇಕಿತ್ತಾ?" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳದ್ದು ತಪ್ಪೂ ಅಲ್ಲ. ಅವತ್ತಿನಿಂದ ಇವರು ಲೇಬಲ್ ಬರೆಯುವ ಗುಮಾಸ್ತರಾದರು. ನನ್ನ ಹೆಸರು, ಐಪಿ ನಂಬರ್, ತಾರೀಕು, ಗಂಟೆ, ನಿಮಿಷ. ಹನ್ನೊಂದು ಗಂಟೆಯ ಬಾಟಲಿ ರಾತ್ರಿಯ ಫೀಡಿಗೆ ಎಂದು ಬಾಗಿಲಲ್ಲಿ ನಿಂತು ಹೇಳಿಯೇ ಬರುತ್ತಿದ್ದರು. ಸಿಸ್ಟರ್‌ಗಳು ಇವರನ್ನು ಹಾಲಿನ ಭಟ್ಟರು ಎಂದು ಕರೆಯಲು ಶುರುಮಾಡಿದರು. ನಾವು ಭಟ್ಟರಲ್ಲ, ಅದು ಬೇರೆ ವಿಷಯ.

ಒಂದು ಕಡೆ ನಾನೂ ತಪ್ಪಿದ್ದೇನೆ. ಎರಡನೇ ವಾರ ನನ್ನ ಹಾಲಿಗೆ ಯಾವುದೋ ಪುಡಿ ಬೆರೆಸುತ್ತೇವೆ ಎಂದಾಗ ಹಾರಾಡಿದೆ. ಇಷ್ಟೆಲ್ಲ ಕಷ್ಟಪಟ್ಟು ಹಿಂಡಿದ ಹಾಲು ಸಾಕಾಗುವುದಿಲ್ವಾ? ಡಾಕ್ಟರ್ ಕೂರಿಸಿ ಹೇಳಿದರು. ಒಂದೂವರೆ ಕಿಲೋಕ್ಕಿಂತ ಕಡಿಮೆ ತೂಕದ ಮಗು ಹೊಟ್ಟೆಯೊಳಗೆ ಬೆಳೆಯುವ ವೇಗದಲ್ಲೇ ಹೊರಗೂ ಬೆಳೆಯಬೇಕು, ಅದಕ್ಕೆ ಪ್ರೋಟೀನು, ಕ್ಯಾಲ್ಸಿಯಂ ಜಾಸ್ತಿ ಬೇಕು, ಈ ಪುಡಿ ಇರುವುದು ತಾಯಿ ಹಾಲಿನ ಬದಲಿಗೆ ಅಲ್ಲ, ಅದರ ಜೊತೆಗೆ. ಒಪ್ಪಿಕೊಂಡೆ. ಹಾಲಿಗಾಗಿ ಹಠ ಮಾಡುವಾಗ ಕಿವಿಯೂ ತೆರೆದಿರಬೇಕು, ಅಲ್ವಾ.

ಕೂಳೂರು ಬ್ರಿಜ್ ಮತ್ತು ಮೆಂತೆ ಗಂಜಿ

ಐದನೇ ದಿನ ನನ್ನನ್ನು ಡಿಸ್ಚಾರ್ಜ್ ಮಾಡಿದರು, ಮಗಳನ್ನಲ್ಲ. ಮೂಲ್ಕಿಗೆ ವಾಪಸ್. ಕಷ್ಟ ಶುರುವಾದದ್ದು ಆಗ. ಹಗಲು ರಾತ್ರಿ ಸೇರಿ ಎಂಟು ಸಲ ಹಿಂಡಬೇಕು. ರಾತ್ರಿಯದ್ದು ತಪ್ಪಿಸಬಾರದು, ಹಾಲು ಬರಿಸುವ ಹಾರ್ಮೋನು ರಾತ್ರಿಯೇ ಜಾಸ್ತಿ. ಮಗು ಇಲ್ಲದ ಮನೆಯಲ್ಲಿ ಎರಡೂವರೆಗೆ ಅಲಾರಾಂ ಇಟ್ಟು ಎದ್ದು, ಪಂಪಿನ ಕರಕರ ಸದ್ದಿನಲ್ಲಿ ಕೂತು, ಮೊಬೈಲಿನಲ್ಲಿ ಮಗಳ ಫೋಟೋ ನೋಡುವುದು. ಫೋಟೋ ನೋಡಿದರೆ ಹಾಲು ಇಳಿಯುತ್ತದೆ ಎಂದಿದ್ದರು. ಇಳಿಯುತ್ತಿತ್ತು, ಕಣ್ಣೀರೂ ಇಳಿಯುತ್ತಿತ್ತು.

ಬೆಳಿಗ್ಗೆ ಬಾಟಲಿಗಳನ್ನು ಐಸ್ ತುಂಬಿದ ಸ್ಟೀಲ್ ಕ್ಯಾರಿಯರಿನಲ್ಲಿಟ್ಟು ಇವರು ಹೊರಡುತ್ತಿದ್ದರು. ಆಟಿ ತಿಂಗಳು, ಬಿಡದೆ ಮಳೆ. ಕೂಳೂರು ಬ್ರಿಜ್‌ನಲ್ಲಿ ಬ್ಲಾಕ್ ಆದರೆ ಮುಗಿಯಿತು. ಹೈವೇಯಲ್ಲಿ ಹೋಗುವವರಿಗೆ ಆ ಬ್ಲಾಕ್ ಗೊತ್ತು, ವಿವರಿಸುವುದು ಬೇಡ. ಒಂದು ದಿನ ಅಲ್ಲಿಂದ ಫೋನ್ ಮಾಡಿ, "ಐಸ್ ಕರಗ್ತಾ ಉಂಟು, ಹತ್ತೂವರೆಯ ಫೀಡ್ ತಪ್ಪುತ್ತೆ" ಎಂದರು. ಎದುರಿನ ಬಸ್ಸು, ಪಕ್ಕದ ಟ್ಯಾಂಕರು, ಕೆಳಗೆ ಕೆಂಪು ನೀರಿನ ಹೊಳೆ. ಹಾಲು ನಡುವಿನಲ್ಲಿ. ಅವತ್ತು ಸಂಜೆಯೇ ಮಂಗಳೂರಿನ ಕದ್ರಿಯಲ್ಲಿದ್ದ ನೆಂಟರ ಮನೆಗೆ ನಾನೂ ಹೋಗಿ ಕೂತೆ.

ಇದಕ್ಕೆ ಊರೆಲ್ಲ ಮಾತು. ಬಾಳಂತಿ ಹತ್ತು ದಿನಕ್ಕೆ ಮನೆ ಬಿಟ್ಟು, ಮಳೆಯಲ್ಲಿ, ಆಟೋದಲ್ಲಿ ಓಡಾಡುವುದಾ? ಕಿವಿಗೆ ಹತ್ತಿ ಇಲ್ಲ, ಸ್ನಾನ ಇಲ್ಲ, ಲೇಹ್ಯ ಇಲ್ಲ. ನಮ್ಮ ಅತ್ತೆ ಮೊದಲು ಅವರ ಪಕ್ಷದಲ್ಲೇ ಇದ್ದರು. ಹಾಲು ಹೆಚ್ಚಲಿ ಎಂದು ತಾಟೆ ಮೀನು ತರಿಸಲು ನೋಡಿದರು, ಬೋಟಿಗೆ ರಜೆ, ಜುಲೈ ಮುಗಿಯದೆ ಸಿಗುವ ಹಾಗಿಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಊರಿನವರೆಲ್ಲ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದು, ಆ ಕಹಿಗೆ ಮೆಂತೆ ಗಂಜಿ ಉಣ್ಣುವ ದಿನ, ಅತ್ತೆ ಮೂಲ್ಕಿಯಿಂದ ಬಸ್ಸಿನಲ್ಲಿ ಒಬ್ಬರೇ ಕದ್ರಿಗೆ ಬಂದರು. ಕೈಯಲ್ಲಿ ಟಿಫಿನ್ ಕ್ಯಾರಿಯರ್. ಕಷಾಯ ತಂದಿರಲಿಲ್ಲ, ಗಂಜಿ ಮಾತ್ರ. ತೆಂಗಿನ ಹಾಲು, ಬೆಲ್ಲ ಹಾಕಿದ್ದು, ಇನ್ನೂ ಬೆಚ್ಚಗಿತ್ತು. ಉಂಡು ಮುಗಿಸುವ ತನಕ ಎದುರಿಗೆ ಕೂತಿದ್ದು, "ಈಗ ಹಿಂಡು. ನಾನು ಆಸ್ಪತ್ರೆಗೆ ತೆಗೆದುಕೊಂಡು ಹೋಗುತ್ತೇನೆ" ಎಂದರು. ಮೆಂತೆಯಿಂದ ಹಾಲು ಹೆಚ್ಚಾಯಿತೋ ಇಲ್ಲವೋ ಹೇಳಲಾರೆ. ಅವತ್ತು ಬಾಟಲಿ ತುಂಬಿತು.

ಬೆಂಚಿನ ಆ ತುದಿ

ಎನ್‌ಐಸಿಯು ಹೊರಗಿನ ಬೆಂಚಿನಲ್ಲಿ ಘಟ್ಟದ ಮೇಲಿನಿಂದ ಬಂದಿದ್ದ ಒಬ್ಬರು ಕೂರುತ್ತಿದ್ದರು. ಅವರ ಮಗ ನನ್ನ ಮಗಳಿಗಿಂತಲೂ ಸಣ್ಣವನು. ಅವರಿಗೆ ಹೆರಿಗೆಯಲ್ಲಿ ರಕ್ತ ತುಂಬ ಹೋಗಿತ್ತು, ಹಾಲು ಬರಲೇ ಇಲ್ಲ. ದಿನವೂ ಪಕ್ಕದಲ್ಲೇ ಕೂತು ನಾನು ಅವರಿಗೆ ಬುದ್ಧಿ ಹೇಳುತ್ತಿದ್ದೆ. ಹೀಗೆ ಒತ್ತಿ, ಹಾಗೆ ಒತ್ತಿ, ಬಿಡಬೇಡಿ. ಒಂದು ಮಧ್ಯಾಹ್ನ ಅವರು ನನ್ನ ಮುಖ ನೋಡದೆ, "ನೀವು ಬಾಟಲಿ ಹಿಡ್ಕೊಂಡು ಬರೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣ್ರೀ" ಎಂದರು. ಆಮೇಲೆ ಅವರೇ ನನ್ನ ಕೈ ಹಿಡಿದುಕೊಂಡರು. ನಾನು ಮಾರನೇ ದಿನದಿಂದ ಬಾಟಲಿಯನ್ನು ಶಾಲಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದೆ.

ನನ್ನನ್ನು ಹೆಚ್ಚು ಕಾಡುವುದು ಅದರ ನಂತರದ್ದು. ಮೂರನೇ ವಾರಕ್ಕೆ ನನಗೆ ಹಾಲು ಹೆಚ್ಚಾಯಿತು. ವಾರ್ಡಿನ ಫ್ರಿಜ್‌ನಲ್ಲಿ 24 ಗಂಟೆಗಿಂತ ಜಾಸ್ತಿ ಇಡುವುದಿಲ್ಲ. ನೆಂಟರ ಮನೆಯ ಫ್ರೀಜರ್ ತುಂಬಿತ್ತು. ಕೆಲವು ದಿನ ನಾನು ಹಾಲನ್ನು ಸಿಂಕಿಗೆ ಚೆಲ್ಲಿದೆ. ಅದೇ ಹೊತ್ತಿಗೆ ಅವರ ಗಂಡ ಎರಡನೇ ಡಬ್ಬಕ್ಕೆ ಚೀಟಿ ಹಿಡಿದು ಕೆಳಗೆ ಇಳಿಯುತ್ತಿದ್ದರು. ನನ್ನದನ್ನೇ ಕೊಡಲಾ ಎಂದು ಸಿಸ್ಟರ್ ಹತ್ತಿರ ಕೇಳಿದೆ. ಹಾಗೆ ಕೊಡುವಂತಿಲ್ಲ, ಸೋಂಕು ದಾಟಬಹುದು ಎಂದರು. ಸರಿಯಾದ ಮಾತು. ಕೊಡಬೇಕಾದರೆ ಮೊದಲು ತಾಯಿಯ ರಕ್ತ ಪರೀಕ್ಷೆ ಆಗಬೇಕು, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಅದಕ್ಕೇ ಹಾಲಿನ ಬ್ಯಾಂಕ್ ಇರುವುದು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ 1989ರಲ್ಲೇ ಶುರುಮಾಡಿದ್ದರು, ಏಷ್ಯಾದಲ್ಲೇ ಮೊದಲನೆಯದ್ದು. ಆಮೇಲೆ ನಮ್ಮ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೂ ಹಾಲಿನ ಬ್ಯಾಂಕ್ ಬಂತು. ಆ ಸುದ್ದಿ ಪೇಪರಿನಲ್ಲಿ ಓದಿದ ದಿನ ಬೆಂಚಿನ ಆ ತುದಿ ನೆನಪಾಯಿತು.

ಎದೆಯ ಮೇಲೆ

ಮಗಳನ್ನು ಮೊದಲ ಸಲ ಎದೆಯ ಮೇಲೆ ಮಲಗಿಸಿದ್ದು ಆರನೇ ದಿನ. ಟೊಪ್ಪಿ, ಡೈಪರ್ ಬಿಟ್ಟು ಮೈಮೇಲೆ ಎಂತದೂ ಇಲ್ಲ, ನನ್ನ ನೈಟಿಯ ಒಳಗೆ ಕಪ್ಪೆಯ ಹಾಗೆ ಕೈಕಾಲು ಮಡಚಿ. ಕಾಂಗರೂ ಕೇರ್ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಬ್ಬ ಡಾಕ್ಟರ್ ಶುರುಮಾಡಿದ್ದಂತೆ. ಪೆಟ್ಟಿಗೆ ಇಲ್ಲದಿದ್ದರೆ ತಾಯಿ ಇದ್ದಾಳಲ್ಲ ಎಂಬ ಯೋಚನೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಇತ್ತು. ಕಡಿಮೆ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಹೀಗೆ ಇಟ್ಟುಕೊಂಡಾಗ ಮೊದಲ 28 ದಿನದ ಸಾವು ಶೇ. 25ರಷ್ಟು ಕಡಿಮೆಯಾಯಿತು. ಅದಕ್ಕಾಗಿ ಅಲ್ಲಿ ತಾಯಿಯ ಮಂಚವನ್ನೇ ಎನ್‌ಐಸಿಯು ಒಳಗೆ ಹಾಕಿದ್ದರು. ನನಗೆ ಸಿಗುತ್ತಿದ್ದದ್ದು ದಿನಕ್ಕೆ ಒಂದು ಗಂಟೆ, ಹನ್ನೊಂದರಿಂದ ಹನ್ನೆರಡು. ಆ ಒಂದು ಗಂಟೆ ಮುಗಿದು ಹಿಂಡಿದರೆ ಬಾಟಲಿಯಲ್ಲಿ ಯಾವತ್ತಿಗಿಂತ ಜಾಸ್ತಿ ಇರುತ್ತಿತ್ತು. ಅದಕ್ಕೆ ಅಧ್ಯಯನ ಬೇಕಿರಲಿಲ್ಲ, ಬಾಟಲಿಯ ಗೆರೆಯೇ ಸಾಕಿತ್ತು.

34 ವಾರ ಆಗುವ ಹೊತ್ತಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಕಲಿತಳು. ಮೊದಲು ಒಳಲೆಯಲ್ಲಿ, ಆಮೇಲೆ ಎದೆಯಲ್ಲಿ. ಎದೆಗೆ ಹಾಕಿದ ಮೊದಲ ದಿನ ನಾಲ್ಕು ಸಲ ಚೀಪಿ ನಿದ್ದೆ ಹೋದಳು. 26ನೇ ದಿನ ಮನೆಗೆ ಬಂದಳು, 1,760 ಗ್ರಾಂ. ಡಬ್ಬದಲ್ಲಿ ಅರ್ಧಕ್ಕಿಂತ ಜಾಸ್ತಿ ಪುಡಿ ಉಳಿದಿತ್ತು. ಅತ್ತೆ ಅದನ್ನು ಎಂತ ಮಾಡಿದರೋ ನಾನು ಕೇಳಲಿಲ್ಲ.

ಕಳೆದ ತಿಂಗಳ ಫೋನಿನಲ್ಲಿ ಆ ಹುಡುಗಿಗೆ ಇದರಲ್ಲಿ ಅರ್ಧವನ್ನೂ ಹೇಳಲಿಲ್ಲ. ಡಬ್ಬ ತಂದಿಡು, ಚೀಟಿ ಕೊಟ್ಟವರ ಹತ್ತಿರ ಜಗಳ ಬೇಡ, ಆದರೆ ಈಗಲೇ ರಾತ್ರಿ ಡ್ಯೂಟಿಯ ಸಿಸ್ಟರನ್ನು ಕರೆದು ಹಿಂಡುವುದು ತೋರಿಸಿಕೊಡಿ ಎಂದು ಕೇಳು ಎಂದೆ. ನಾಳೆ ರೌಂಡ್ಸಿಗೆ ಗಂಡನನ್ನು ಕಳಿಸು, ಕೇಳಬೇಕಾದ್ದನ್ನು ಬರೆದು ಕೊಡು. ಹನಿ ಬಾರದಿದ್ದರೆ ಎಂದು ಕೇಳಿದಳು. ಬಾರದಿದ್ದರೆ ಬಾರದು, ಲೇಡಿಗೋಶನ್ ಉಂಟು, ಡಬ್ಬವೂ ಉಂಟು, ಆದರೆ ಕೇಳದೆ ಇರಬೇಡ ಎಂದೆ.

ರಾತ್ರಿ ಒಂದೂಕಾಲಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಾಸಿಗೆಯ ಹಸಿರು ಬಟ್ಟೆಯ ಮೇಲೆ ಒಂದು ಸಿರಿಂಜು, ಅದರ ತುದಿಯಲ್ಲಿ ಹಳದಿ ಗೆರೆ. ಕೆಳಗೆ, "0.6, ಅಕ್ಕ!!" ಎಂದು ಬರೆದಿದ್ದಳು. ಫೋಟೋ ದೊಡ್ಡದು ಮಾಡಿ ಲೇಬಲ್ ಓದಿದೆ. ಹೆಸರಿತ್ತು, ನಂಬರಿತ್ತು, ತಾರೀಕು ಇತ್ತು.

"ಟೈಮ್ ಬರೆದಿಲ್ಲ ಮಾರಾಯ್ತಿ," ಎಂದು ಕಳಿಸಿದೆ. "ಬರೆದು ಕಳಿಸು."